ವಾಯರ್‌ನ ಎರಡನೇ ಆಲ್ಬಂ ಮತ್ತು ನಮ್ಮ ಜಗಳ

ವಾಯರ್ ಬ್ಯಾಂಡಿನ ಎರಡನೇ ಆಲ್ಬಂ ಕೆಟ್ಟಿದ್ದೇ ಕೀಬೋರ್ಡಿನಿಂದ ಅಂತ ನನ್ನ ಗೆಳೆಯನೊಬ್ಬ ಹೇಳುತ್ತಾನೆ. ಸುಮ್ನೆ ಮಾತಿಗೆ ಹೇಳುವುದಲ್ಲ, ಸಿಟ್ಟಿನಿಂದಲೇ ಹೇಳುತ್ತಾನೆ. ಆಲ್ಬಂ ಬಂದಿದ್ದು 1978ರಲ್ಲಿ. ಇವನು ಆಗ ಹುಟ್ಟಿಯೂ ಇರಲಿಲ್ಲ. ಲಂಡನ್ನಿನ ನಾಲ್ಕು ಜನ ಯಾವುದೋ ಕಾಲದಲ್ಲಿ ಒಂದು ಸಿಂಥಸೈಜರನ್ನು, ಅಂದರೆ ಕರೆಂಟಿನಿಂದ ದನಿ ಹುಟ್ಟಿಸುವ ಕೀಬೋರ್ಡನ್ನು, ಒಳಗೆ ಬಿಟ್ಟುಕೊಂಡಿದ್ದಕ್ಕೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೂತವನಿಗೆ ಇಷ್ಟು ಹೊಟ್ಟೆಯುರಿ ಯಾಕೆ ಅಂತ ಯಾರಾದರೂ ಕೇಳಬಹುದು. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಒಪ್ಪಿಗೆ ಮಾತ್ರ ಇಲ್ಲ.

ಅವನ ಕಸುಬು ಗೊತ್ತಾದರೆ ಸಿಟ್ಟಿನ ಬೇರು ಸ್ವಲ್ಪ ಕಾಣುತ್ತದೆ. ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುವವನು ಅವನು. ಗಣಪತಿ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಯಾವುದಾದರೂ ಸೈ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವನೇ ಯಜಮಾನ. ಕೊಳಲೂ ಅವನೇ, ವಯಲಿನ್ನೂ ಅವನೇ, ಕಡೆಗೆ ತಬಲಾ ಕೂಡ ಅದೇ ಪೆಟ್ಟಿಗೆಯಿಂದ ಬರುತ್ತದೆ. ಡ್ರಮ್ಸಿನವನಿಗೆ ಸಿಗುವುದು ವೇದಿಕೆಯ ಮೂಲೆ, ಉಳಿದ ಪಲಾವು. ಇಂಥವನು ಮನೆಗೆ ಬಂದು ಪಂಕ್, ಅಂದರೆ ಸಿಟ್ಟಿನಿಂದ ಓಡುವ ಚಿಕ್ಕ ಚಿಕ್ಕ ಗಿಟಾರು ಹಾಡು, ಹಾಕಿಕೊಂಡರೆ ಅಲ್ಲೂ ಕೀಬೋರ್ಡ್ ಬರಬಾರದು ಅಂತ ಬಯಸುವುದು ತಪ್ಪಾ?

ಹಾಡು ಕೇಳುವುದಕ್ಕೇ ಅಂತ ಸೇರುವವರು ನಾವು ಕೆಲವರಿದ್ದೇವೆ. ಸಂಘ ಅಲ್ಲ, ಹೆಸರಿಲ್ಲ, ಚಂದಾ ಇಲ್ಲ. ಒಬ್ಬರು ಆಲ್ಬಂ ಹಾಕುತ್ತಾರೆ, ಉಳಿದವರು ಅದು ಮುಗಿಯುವವರೆಗೆ ಬಾಯಿ ಬಿಡುವ ಹಾಗಿಲ್ಲ. ಇದೊಂದೇ ಕಟ್ಟಳೆ. ಬಾಯಿ ಬಿಟ್ಟ ಮೇಲೆ ಜಗಳ. ಆ ಜಗಳದಲ್ಲಿ ಮತ್ತೆ ಮತ್ತೆ ಬರುವುದು ಇದೇ ಆಲ್ಬಂ, 'ಚೇರ್ಸ್ ಮಿಸ್ಸಿಂಗ್'.

ವಾಯರ್ ಹುಟ್ಟಿದ್ದು 1976ರಲ್ಲಿ. ಕಾಲಿನ್ ನ್ಯೂಮನ್ ಹಾಡುತ್ತಿದ್ದ, ಗಿಟಾರೂ ನುಡಿಸುತ್ತಿದ್ದ. ಇನ್ನೊಂದು ಗಿಟಾರು ಬ್ರೂಸ್ ಗಿಲ್ಬರ್ಟ್‌ನದು. ಬೇಸ್ ಗಿಟಾರ್ ಗ್ರಹಾಂ ಲೂಯಿಸ್. ಡ್ರಮ್ಸ್ ರಾಬರ್ಟ್ ಗ್ರೇ, ಆ ಕಾಲದ ಆಲ್ಬಂಗಳ ಮೇಲೆ ಅವನ ಹೆಸರು ರಾಬರ್ಟ್ ಗೋಟೊಬೆಡ್. ನ್ಯೂಮನ್ ವಾಟ್‌ಫರ್ಡಿನ ಕಲಾಶಾಲೆಯಲ್ಲಿ ಓದಿದವನು. ಸಿಂಥಸೈಜರ್‌ಗೆ ಹೆಸರಾದ ಸಂಗೀತಗಾರ ಬ್ರಯನ್ ಈನೋ ಅಲ್ಲಿಗೆ ಆಗಾಗ ಪಾಠ ಮಾಡಲು ಬರುತ್ತಿದ್ದ. ಗಿಲ್ಬರ್ಟ್‌ಗೆ ಆಗಲೇ ಮೂವತ್ತು. ಪಂಕ್ ಲೆಕ್ಕದಲ್ಲಿ ಮುದುಕ. ಶುರುವಿನಲ್ಲಿ ಯಾರಿಗೂ ವಾದ್ಯ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ. ಆದರೆ ಏನು ಬೇಡ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಒಬ್ಬನೇ ಮೆರೆಯುವ ಸೋಲೋ ಬೇಡ. ಮತ್ತೆ ಮತ್ತೆ ಬರುವ ಪಲ್ಲವಿ ಬೇಡ. ಒಂದು ಹಾಡಿನಲ್ಲಿ ಹೇಳಬೇಕಾದದ್ದು ಮುಗಿದ ಮೇಲೆ ಒಂದು ಸೆಕೆಂಡೂ ಬೇಡ.

ಹೀಗೆ ಬಂದಿದ್ದು ಮೊದಲ ಆಲ್ಬಂ 'ಪಿಂಕ್ ಫ್ಲ್ಯಾಗ್', 1977ರ ಕೊನೆಯಲ್ಲಿ. 35 ನಿಮಿಷದಲ್ಲಿ 21 ಹಾಡು. ಒಂದು ಹಾಡಂತೂ 28 ಸೆಕೆಂಡು. ಸಾಹಿತ್ಯ ಮುಗಿಯಿತು, ಹಾಡು ನಿಂತಿತು, ಅಷ್ಟೇ. ಮೊದಲ ಸಲ ಕೇಳಿದವರಿಗೆ ಫೋನ್ ಕೆಟ್ಟಿದೆಯಾ ಅನ್ನಿಸುತ್ತದೆ. ಎರಡನೇ ಸಲ ಕೇಳಿದವರಿಗೆ ಉಳಿದ ಎಲ್ಲ ಬ್ಯಾಂಡುಗಳೂ ಹಾಡನ್ನು ಎಳೆಯುತ್ತಿವೆ ಅನ್ನಿಸತೊಡಗುತ್ತದೆ.

ವರ್ಷ ತುಂಬುವ ಮೊದಲೇ, 1978ರ ಸೆಪ್ಟೆಂಬರ್‌ನಲ್ಲಿ 'ಚೇರ್ಸ್ ಮಿಸ್ಸಿಂಗ್' ಬಂತು. ಅದೇ ನಾಲ್ಕು ಜನ, ಅದೇ ಹಾರ್ವೆಸ್ಟ್ ರೆಕಾರ್ಡ್ ಕಂಪನಿ, ಅದೇ ನಿರ್ಮಾಪಕ ಮೈಕ್ ಥಾರ್ನ್. ಆದರೆ ಹಾಡು 15ಕ್ಕೆ ಇಳಿದಿತ್ತು, ಆಲ್ಬಂ 42 ನಿಮಿಷಕ್ಕೆ ಏರಿತ್ತು. ಥಾರ್ನ್ ಸ್ಟುಡಿಯೋ ಗಾಜಿನ ಆಚೆ ಕೂರದೆ ಕೀಬೋರ್ಡು, ಸಿಂಥಸೈಜರ್ ನುಡಿಸಿದ್ದ. ಒಂದು ಕಡೆ ಕೊಳಲೂ ಇದೆ, ಪಂಕ್ ಆಲ್ಬಂನಲ್ಲಿ! ರಟ್ಟಿನ ಮೇಲೆ ಒಂದು ಮೇಜು, ಅದರ ಮೇಲೆ ಹೂವು. ಕುರ್ಚಿ ಇಲ್ಲ. ಒಬ್ಬನ ಮುಂದಿನ ಕೋಣೆಯಲ್ಲಿ ಒಂದೆರಡು ಕುರ್ಚಿ ಕಮ್ಮಿ ಅಂದರೆ ಇಂಗ್ಲೆಂಡಿನ ಕಡೆ ಅವನಿಗೆ ಸ್ವಲ್ಪ ಸ್ಕ್ರೂ ಲೂಸು ಅಂತ ಅರ್ಥವಂತೆ.

ಮೊದಲ ಹಾಡು 'ಪ್ರಾಕ್ಟೀಸ್ ಮೇಕ್ಸ್ ಪರ್ಫೆಕ್ಟ್'. ಗಿಟಾರು ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಡುತ್ತದೆ, ಓಡುವುದಿಲ್ಲ. ಇನ್ನೇನು ಸಿಡಿಯಬೇಕು ಅಂತ ನೀವು ಕಾಯುತ್ತೀರಿ, ಸಿಡಿಯುವುದಿಲ್ಲ. ಹಿಂದೆ ಎಲ್ಲೋ ಯಾರೋ ನಗುತ್ತಾರೆ, ಆ ನಗು ಒಳ್ಳೆಯ ನಗು ಅಲ್ಲ. 'ಪಿಂಕ್ ಫ್ಲ್ಯಾಗ್' ಆಗಿದ್ದರೆ ಈ ಹೊತ್ತಿಗೆ ನಾಲ್ಕು ಹಾಡು ಮುಗಿದಿರುತ್ತಿದ್ದವು. ಎರಡನೆಯದು 'ಫ್ರೆಂಚ್ ಫಿಲ್ಮ್ ಬ್ಲರ್ಡ್', ಹೆಸರೇ ಹೇಳುವ ಹಾಗೆ ಮಸುಕು ಮಸುಕಾದ ಯಾವುದೋ ಫ್ರೆಂಚ್ ಸಿನಿಮಾ. ಇದು ನಮ್ಮ ಕಡೆಯವರಿಗೆ ಬೇಗ ದಕ್ಕುತ್ತದೆ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬಂಗಾಳಿಯದೋ ಅಸ್ಸಾಮಿಯದೋ ಸಿನಿಮಾ, ಕೆಳಗೆ ಓದಲಾಗದ ಅಕ್ಷರ, ಮಾಡಿನ ಮೇಲೆ ಆಂಟೆನಾ ತಿರುಗಿಸುವ ಅಣ್ಣ, 'ಈಗ ಬಂತಾ?' 'ಇಲ್ಲ, ಹೋಯ್ತು!' ಗುಡ್ಡದ ಸಂದಿಯ ಮನೆಗಳಲ್ಲಿ ಅರ್ಧ ಕಥೆ ನಾವೇ ಕಟ್ಟಿಕೊಳ್ಳಬೇಕಿತ್ತು. ಆ ಹಾಡಿನ ಗಿಟಾರು ಕೂಡ ಸಿಗ್ನಲ್ ಹೋಗಿ ಬಂದು ಮಾಡುವ ಹಾಗೆಯೇ ಇದೆ.

ಆಮೇಲೆ 'ಮರೂನ್ಡ್' ಇದೆ. ಮಂಜುಗಡ್ಡೆಯ ಮೇಲೆ ಸಿಕ್ಕಿಕೊಂಡವನು, ನೀರು ಬೆಚ್ಚಗಾಗುತ್ತಿದೆ, ಕಾಲಡಿಯ ಗಡ್ಡೆ ಸಣ್ಣದಾಗುತ್ತಿದೆ. ಅವನು ಕೂಗುವುದಿಲ್ಲ. ಹವಾಮಾನ ವರದಿ ಓದುವ ದನಿಯಲ್ಲಿ ಹೇಳುತ್ತಾ ಹೋಗುತ್ತಾನೆ. 'ಹಾರ್ಟ್‌ಬೀಟ್' ಪಿಸುಮಾತಿನಲ್ಲಿ ಶುರುವಾಗಿ ಸಣ್ಣಗೆ ಬಿಗಿಯಾಗುತ್ತಾ ಹೋಗುತ್ತದೆ. ಕೊಳಲು ಇರುವುದು ಇದರಲ್ಲೇ, ಗಮನಿಸದಿದ್ದರೆ ಗೊತ್ತೇ ಆಗುವುದಿಲ್ಲ. 'ಅನದರ್ ದಿ ಲೆಟರ್'ನಲ್ಲಿ ಸಿಂಥಸೈಜರ್ ಉಸಿರು ಬಿಡದೆ ಓಡಿ ಒಂದು ನಿಮಿಷ ಚಿಲ್ಲರೆಗೆ ಕಟ್ಟಾಗುತ್ತದೆ. ಕೀಬೋರ್ಡ್ ಬಂದರೆ ಹಾಡು ಉದ್ದವಾಗುತ್ತದೆ ಅನ್ನುವ ನನ್ನ ಗೆಳೆಯನಿಗೆ ನಾನು ಮೊದಲು ತೋರಿಸುವ ಸಾಕ್ಷಿ ಇದು. ಅವನು ಸಾಕ್ಷಿಯನ್ನು ಒಪ್ಪುತ್ತಾನೆ, ತೀರ್ಪನ್ನು ಒಪ್ಪುವುದಿಲ್ಲ.

ಆ ಕಾಲದ ಕೇಳುಗರೂ ಹೆಚ್ಚುಕಡಿಮೆ ಹೀಗೇ ಎರಡಾದರು. ಹಾರ್ವೆಸ್ಟ್ ಕಂಪನಿ ಪಂಕ್‌ಗೆ ಹೆಸರಾದದ್ದಲ್ಲ, ಉದ್ದುದ್ದ ರಾಕ್ ಹಾಡು ಮಾಡುವ ಪಿಂಕ್ ಫ್ಲಾಯ್ಡ್‌ನಂಥವರ ಮನೆ ಅದು. ಪಂಕ್ ಹುಡುಗರು ಯಾವುದನ್ನು ಬೇಡ ಅಂದು ಬೀದಿಗಿಳಿದರೋ ಅದೇ ಮನೆ. ಅಲ್ಲಿಂದ ಬಂದ ಬ್ಯಾಂಡು ಎರಡನೇ ಆಲ್ಬಂನಲ್ಲೇ ನಿಧಾನಕ್ಕೆ ಇಳಿದು ಸಿಂಥಸೈಜರ್ ಎತ್ತಿಕೊಂಡರೆ ಮೂದಲಿಕೆ ಬರದೆ ಇರುತ್ತದೆಯೇ? ಇವರೂ ಕೊನೆಗೆ ಅಲ್ಲಿಗೇ ಹೋದರು ಅಂದರು ಕೆಲವರು. ಇನ್ನು ಕೆಲವರಿಗೆ ಪಂಕ್ ಒಂದೇ ವರ್ಷದಲ್ಲಿ ಸಮವಸ್ತ್ರ ಆಗಿಹೋಗಿತ್ತು, ಅವರಿಗೆ ಈ ಆಲ್ಬಂ ಬಾಗಿಲು ತೆರೆದ ಹಾಗಾಯಿತು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 48ನೇ ಸ್ಥಾನದವರೆಗೆ ಹೋಯಿತು. ಹಿಟ್ ಅಲ್ಲ, ಸೋಲೂ ಅಲ್ಲ.

ನನಗೆ ಕುತೂಹಲ ಇರುವುದು ಬೇಸರಪಟ್ಟವರ ಬಗ್ಗೆ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ, ಮರುದಿನ ಬೆಳಿಗ್ಗೆ ಅದರ ಮೇಲೆ ಚರ್ಚೆ. ಅಲ್ಲಿ ಕೂತವರಿಗೆ ಗೊತ್ತು, ಯಾರಾದರೊಬ್ಬರು ಎದ್ದು 'ಹೋದ ವರ್ಷದ್ದು ಚೆನ್ನಾಗಿತ್ತು' ಅಂದೇ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಹೋದ ವರ್ಷದ್ದು ಚೆನ್ನಾಗಿಯೇ ಇತ್ತು. ಆದರೆ ನಿನ್ನೆ ರಾತ್ರಿ ಅವರ ಕಣ್ಣು ವೇದಿಕೆಯ ಮೇಲೆ ಹೋದ ವರ್ಷದ ನಾಟಕವನ್ನೇ ಹುಡುಕುತ್ತಿತ್ತು. ಎರಡನೇ ಆಲ್ಬಂ ಕೇಳುವ ಕಿವಿಯೂ ಹಾಗೇ. ಇಲ್ಲದ್ದು ಮೊದಲು ಕೇಳಿಸುತ್ತದೆ, ಇರುವುದು ಆಮೇಲೆ.

ಹೊಸಹಳ್ಳಿ ಕಡೆಯ ನಮ್ಮ ಸೋದರಮಾವನಿಗೆ ಈ ತೊಂದರೆ ಇರಲಿಲ್ಲ, ಯಾಕೆಂದರೆ ಅವರಿಗೆ ಪಂಕ್ ಅಂದರೆ ಏನಂತಲೇ ಗೊತ್ತಿರಲಿಲ್ಲ. ತುಂಗೆಯ ಈ ದಡ ಆ ದಡದಲ್ಲಿರುವ ಮತ್ತೂರು, ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಗಮಕಕ್ಕೇ. ಮಾವ ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವರು. ಗಮಕದಲ್ಲಿ ತಾಳ ಇಲ್ಲ. ರಾಗ ಇದೆ, ಆದರೆ ರಾಗ ಪದ್ಯದ ಹಿಂದೆ ನಡೆಯಬೇಕು. ಪದ್ಯ ಮುಗಿದರೆ ದನಿ ನಿಲ್ಲಬೇಕು. ಆಮೇಲೆ ಅರ್ಥ ಹೇಳುವವರ ಸರದಿ.

ಅವರಿಗೆ ಮೊದಲು 'ಪಿಂಕ್ ಫ್ಲ್ಯಾಗ್'ನ ನಾಲ್ಕೈದು ಹಾಡು ಕೇಳಿಸಿದೆ. ಸಾಹಿತ್ಯ ಮುಗಿದರೆ ಹಾಡು ನಿಲ್ಲಿಸುತ್ತಾರೆ ಮಾವ, ಇವರೂ ನಿಮ್ಮ ಪೈಕಿಯೇ ಅಂದೆ. ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು ಅಂದರು: 'ನಿಲ್ಲಿಸೋದೇನೋ ಸರಿಯಾಗಿ ನಿಲ್ಲಿಸ್ತಾನಪ್ಪ. ಆದ್ರೆ ಓದೋವಾಗ ಕೊನೇ ಬಸ್ಸು ಹಿಡಿಯೋನ ಹಾಗೆ ಓದ್ತಾನಲ್ಲ.' ಆಮೇಲೆ 'ಮರೂನ್ಡ್' ಹಾಕಿದೆ. ಸಾಲು ಸಾಲಾಗಿ ಅರ್ಥ ಹೇಳು ಅಂದರು, ಹೇಳಿದೆ. ಇನ್ನೊಂದು ಸಲ ಹಾಕು ಅಂದರು. 'ಇಲ್ಲಿ ಪದ್ಯಕ್ಕೆ ಜಾಗ ಬಿಟ್ಟಿದ್ದಾನೆ' ಅಂತ ಹೇಳಿ ಎದ್ದು ಸಂಧ್ಯಾವಂದನೆಗೆ ಹೋದರು.

ನಾನು ಈ ಆಲ್ಬಂ ಬಗ್ಗೆ ಓದಿದ್ದರಲ್ಲೆಲ್ಲ ನನಗೆ ಇದಕ್ಕಿಂತ ಹತ್ತಿರದ ಮಾತು ಸಿಕ್ಕಿಲ್ಲ. ಮೊದಲನೆಯದರ ಕಟ್ಟಳೆಯನ್ನು ಇವರು ಬಿಟ್ಟಿಲ್ಲ. ಹೇಳುವುದು ಮುಗಿದರೆ ನಿಲ್ಲಿಸು, ಅದು ಹಾಗೇ ಇದೆ. ಆದರೆ ಹೇಳುವುದನ್ನು ಓಡಿಕೊಂಡೇ ಹೇಳಬೇಕಾಗಿಲ್ಲ ಅಂತ ಈ ಒಂದು ವರ್ಷದಲ್ಲಿ ಕಂಡುಕೊಂಡಿದ್ದಾರೆ. ಕೀಬೋರ್ಡ್ ಬಂದಿದ್ದು ಆ ಜಾಗ ತುಂಬುವುದಕ್ಕಲ್ಲ. ಜಾಗ ಇದೆ ಅಂತ ತೋರಿಸುವುದಕ್ಕೆ ಬಂದಿದೆ. ಒಂದು ಸ್ವರ ಹಿಡಿದು ಸುಮ್ಮನೆ ನಿಲ್ಲುತ್ತದೆ, ಅದರ ಮುಂದೆ ಮಾತು ಒಂಟಿಯಾಗಿ ಕಾಣುತ್ತದೆ. ಆರ್ಕೆಸ್ಟ್ರಾದ ಕೀಬೋರ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಗೆಳೆಯನಿಗೆ ಎಷ್ಟು ಹೇಳಿದರೂ ಅವನ ತಲೆಗೆ ಹೋಗುವುದಿಲ್ಲ.

ಒಂದು ಅಡಿಕೆ ಸುಗ್ಗಿಯಲ್ಲಿ ನಮ್ಮ ಮನೆಯಲ್ಲೂ ಇದನ್ನು ಹಾಕಿ ನೋಡಿದೆ. ರಾತ್ರಿ ಸುಲಿತ. ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆ ರಾಶಿ, ಆಚೆ ಒಲೆಯ ಮೇಲೆ ಅಡಿಕೆ ಬೇಯಿಸುವ ಚೊಗರಿನ ಹಂಡೆ. ಸಾಮಾನ್ಯವಾಗಿ ಹಳೇ ರಾಜ್‌ಕುಮಾರ್ ಹಾಡು, ಇಲ್ಲಾಂದ್ರೆ ತಾಳಮದ್ದಲೆ ರೆಕಾರ್ಡಿಂಗು. ಅವತ್ತು ಯಾರಿಗೂ ಹೇಳದೆ ಸಣ್ಣ ಸ್ಪೀಕರಿನಲ್ಲಿ 'ಚೇರ್ಸ್ ಮಿಸ್ಸಿಂಗ್' ಹಾಕಿದೆ. ದೊಡ್ಡಮ್ಮ ಕತ್ತಿಯಿಂದ ಕಣ್ಣೆತ್ತದೆ ಕೇಳಿದರು, 'ಎಂತದಾ ತಮಾ ಇದು? ಯಾರಿಗೋ ಬೈದಂಗೆ ಕೇಳ್ತು.' ಸ್ವಲ್ಪ ಹೊತ್ತಿಗೆ ಒಂದು ಹಾಡು ತಟ್ಟನೆ ನಿಂತಿತು. ಸುಲಿಯಲು ಬಂದ ಹೆಂಗಸೊಬ್ಬರು ಬಲ್ಬ್ ನೋಡಿದರು: 'ಕರೆಂಟ್ ಹೋಯ್ತಾ ಅಣ್ಣಾ?'

'ಐ ಆ್ಯಮ್ ದಿ ಫ್ಲೈ' ಬಂದಾಗ ಮಾತ್ರ ಜಗಲಿಗೆ ಜೀವ ಬಂತು. ಅದರಲ್ಲಿ ಚಪ್ಪಾಳೆ ಇದೆ, ಗಿಟಾರು ಗುಂಯ್‌ಗುಡುತ್ತದೆ, ಒಂದೇ ಸಾಲನ್ನು ಪಟ್ಟು ಹಿಡಿದು ಹೇಳುತ್ತಾರೆ. ಇದು ನೊಣದ ಹಾಡು ಅಂದೆ. ಸಿಪ್ಪೆ ಗುಡ್ಡೆಯ ಕಡೆ ಕೈ ತೋರಿಸಿ ಅದೇ ಹೆಂಗಸು, 'ಇಲ್ಲಿ ಬೇಕಾದಷ್ಟಿದಾವೆ, ಅವ್ರಿಗೂ ನಾಲ್ಕು ಕಳ್ಸಿ' ಅಂದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಕಿವಿ ಸ್ವಲ್ಪ ಸಡಿಲಾಯಿತು. 'ಮರೂನ್ಡ್'ಗೆ 'ಇದು ದುಃಖದ್ದಾ?' ಅಂತ ಯಾರೋ ಕೇಳಿದರು. ಕೊನೆಗೆ ದೊಡ್ಡಮ್ಮನ ತೀರ್ಪು: 'ಅಡ್ಡಿಲ್ಲೆ. ಆದ್ರೆ ಇದನ್ನ ಕೂತ್ಕಂಡು ಕೇಳವು. ಕೆಲಸದ ಮಧ್ಯೆ ಆಗ್ತಿಲ್ಲೆ.' ಉಳಿದ ರಾತ್ರಿಗೆ ತಾಳಮದ್ದಲೆ ಹಾಕಿಸಿದರು.

ಈ ಆಲ್ಬಂನಲ್ಲಿ ಹುಳಹುಪ್ಪಟೆ ಜಾಸ್ತಿ. ನೊಣದ ಹಾಡಿನಷ್ಟು ಗದ್ದಲ ಮಾಡದ ಇನ್ನೊಂದು ಹುಳದ ಹಾಡಿದೆ, 'ಔಟ್‌ಡೋರ್ ಮೈನರ್'. ನನಗೆ ಇಡೀ ಆಲ್ಬಂನಲ್ಲಿ ಇಷ್ಟವಾದದ್ದು ಇದು. ಇದು ನನ್ನೊಬ್ಬನ ಇಷ್ಟ ಅಲ್ಲ, ವಾಯರ್ ಅಂದರೆ ಮೂಗು ಮುರಿಯುವವರೂ ಇದೊಂದಕ್ಕೆ ಸೋಲುತ್ತಾರೆ. ರಾಗ ಅಷ್ಟು ಮಧುರ. ಹುಡುಗ ಹುಡುಗಿಯ ಹಾಡು ಅಂತ ಯಾರಾದರೂ ಆಣೆ ಮಾಡಿ ಹೇಳಿದರೆ ನಂಬಬೇಕು, ಹಾಗಿದೆ. ಗ್ರಹಾಂ ಲೂಯಿಸ್ ಬರೆದ ಸಾಹಿತ್ಯ ಓದಿದರೆ ಗೊತ್ತಾಗುವುದು, ಅದು ಎಲೆಯೊಳಗೆ ಸುರಂಗ ಕೊರೆಯುವ ಮರಿಹುಳದ ಹಾಡು. ಗಣಿಯೊಳಗೆ ಮಗ್ಗುಲಾಗಿ ಮಲಗಿ ಕೊರೆಯುವ ಕೆಲಸಗಾರನ ಹಾಗೆ ಅದನ್ನು ಕಾಣುತ್ತಾನೆ.

ಈ ಹುಳ ನಮಗೆ ಹೊಸದಲ್ಲ. ನಿಮ್ಮ ಹಿತ್ತಲಲ್ಲಿ ನಿಂಬೆಯೋ ಕಂಚಿಯೋ ಹೇರಳೆಯೋ ಇದ್ದರೆ ಮಳೆ ಬಿದ್ದು ಚಿಗುರಿದಾಗ ಹೋಗಿ ನೋಡಿ. ಎಳೆ ಎಲೆಯ ಮೇಲೆ ಬೆಳ್ಳಿ ಬಣ್ಣದ ಗೆರೆ, ಅಂಕುಡೊಂಕಾಗಿ, ಎಲ್ಲೂ ತನ್ನನ್ನು ತಾನೇ ದಾಟದ ಹಾಗೆ ಹೋಗಿರುತ್ತದೆ. ನಮ್ಮಲ್ಲಿ ಇದಕ್ಕೆ ರಂಗೋಲಿ ಹುಳು ಅನ್ನುವವರಿದ್ದಾರೆ. ಸಣ್ಣ ಪತಂಗವೊಂದು ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದಿದ್ದೇ ಎಲೆಯ ತೆಳು ಸಿಪ್ಪೆಯ ಅಡಿಗೆ ನುಗ್ಗಿ ಹಸಿರು ಮೇಯುತ್ತಾ ಹೋಗುತ್ತದೆ. ಬೆಳ್ಳಿ ಗೆರೆಯ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದಲ್ಲ, ಅದು ಹುಳದ ಹಿಕ್ಕೆ. ಮುಂದೆ ಹೋದಷ್ಟೂ ಸುರಂಗ ಅಗಲವಾಗುತ್ತದೆ, ಯಾಕೆಂದರೆ ತಿಂದವನು ದಪ್ಪಗಾಗಿರುತ್ತಾನೆ. ಕಡೆಗೆ ಎಲೆಯ ಅಂಚಿಗೆ ಬಂದು ಅಂಚನ್ನೇ ಮಡಚಿಕೊಂಡು ಅದರೊಳಗೆ ಕೋಶವಾಗುತ್ತದೆ. ಎಲೆ ಮುದುರುತ್ತದೆ. ಎಲೆಯನ್ನು ಬೆಳಕಿಗೆ ಎತ್ತಿ ಹಿಡಿದರೆ ಗೆರೆಯ ತುದಿಯಲ್ಲಿ ಹಳದಿ ಬಣ್ಣದ ಪುಟ್ಟ ಮರಿ ಕಾಣುತ್ತದೆ, ಅಲುಗಾಡುವುದೂ ಕಾಣುತ್ತದೆ. ಅದರ ಜಗತ್ತಿನ ದಪ್ಪ ಒಂದು ಎಲೆಯಷ್ಟು.

ಲೂಯಿಸ್ ಯಾವ ಗಿಡದ ಎಲೆ ನೋಡಿದನೋ ಏನೋ, ಶಿವಮೊಗ್ಗ ಜಿಲ್ಲೆಯದಂತೂ ಅಲ್ಲ. ಆದರೆ ಹಾಡು ಆ ಹುಳದ ಮಟ್ಟಕ್ಕೆ ಇಳಿದು ಬರೆದಿದ್ದು. ಹಾಡಿನ ಅವಧಿ 1 ನಿಮಿಷ 44 ಸೆಕೆಂಡು. ಅಷ್ಟರಲ್ಲಿ ಸುರಂಗ ಮುಗಿಯುತ್ತದೆ.

ಕಂಪನಿಯವರಿಗೆ ಇದು ರೇಡಿಯೋದಲ್ಲಿ ಓಡುವ ಹಾಡು ಅಂತ ಹೊಳೆಯಿತು. ಹೊಳೆಯದೆ ಇದ್ದರೆ ಅವರ ಕಿವಿ ಪರೀಕ್ಷೆ ಮಾಡಿಸಬೇಕಿತ್ತು. ಆದರೆ ಸಿಂಗಲ್ ಆಗಲು, ಅಂದರೆ ಬಿಡಿಯಾಗಿ ಮಾರಲು, ಇದು ತೀರಾ ಚಿಕ್ಕದು. ಹಾಗಾಗಿ ಹಾಡನ್ನು ಹಿಗ್ಗಿಸಿ, ನಡುವೆ ಪಿಯಾನೋ ತುಂಡೊಂದನ್ನು ಸೇರಿಸಿ 1979ರ ಜನವರಿಯಲ್ಲಿ ಬಿಡುಗಡೆ ಮಾಡಿದರು. 51ನೇ ಸ್ಥಾನಕ್ಕೆ ಹೋಗಿ ನಿಂತಿತು. ಉದ್ದದ ಆವೃತ್ತಿಯನ್ನೂ ಕೇಳಿ, ಕೆಟ್ಟದೇನಲ್ಲ, ಪಿಯಾನೋ ಮುದ್ದಾಗಿದೆ. ಆದರೆ ಅದನ್ನು ಕೇಳುವಾಗ ಹಾಡು ಎಲ್ಲಿ ಮುಗಿದಿತ್ತು ಅಂತ ನನಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮುಗಿದ ಮೇಲೂ ನಡೆಯುತ್ತಿರುತ್ತದೆ. ಈ ಒಂದು ವಿಷಯದಲ್ಲಿ ನಾನೂ ಗೆಳೆಯನೂ ಒಂದೇ ಕಡೆ.

ಈಗ ಅವನ ನಿಜವಾದ ವಾದಕ್ಕೆ ಬರುತ್ತೇನೆ, ಕೀಬೋರ್ಡಿನ ಗೊಣಗಾಟ ಅಲ್ಲ. ಅವನು ಹೇಳುವುದಿಷ್ಟು: 'ಮೊದಲ್ನೇದು ಕೇಳಿದ್ರೆ ನಂಗೆ ಬಾರಿಸಬೇಕು ಅನ್ಸುತ್ತೆ ಮಾರಾಯ. ಎರಡನೇದು ಕೇಳಿದ್ರೆ ಕೇಳ್ತಾ ಕೂರಬೇಕು ಅನ್ಸುತ್ತೆ. ಕೂರೋದಕ್ಕೆ ಪಂಕ್ ಯಾಕೆ ಬೇಕು?' ಮಾತು ಗಟ್ಟಿ. 'ಪಿಂಕ್ ಫ್ಲ್ಯಾಗ್' ಕೇಳಿದವನಿಗೆ ಇದನ್ನು ನಾನೂ ಮಾಡಬಹುದು ಅನ್ನಿಸುತ್ತದೆ. ಎರಡು ಮೂರು ಸ್ವರಮೇಳ, ಒಂದು ಸಿಟ್ಟು, ಒಂದು ಗಡಿಯಾರ ಇದ್ದರೆ ಸಾಕು. ಹಾಗೆ ಅನ್ನಿಸಿಕೊಂಡವರು ಎಷ್ಟೋ ಜನ. ಅಮೆರಿಕದ ಮೈನರ್ ಥ್ರೆಟ್ ಬ್ಯಾಂಡ್ ಅದರ '12ಎಕ್ಸ್‌ಯು' ಹಾಡಿತು. ಆರ್.ಇ.ಎಂ. ಬ್ಯಾಂಡ್ 1987ರಲ್ಲಿ 'ಸ್ಟ್ರೇಂಜ್' ಹಾಡಿತು. ತೊಂಬತ್ತರ ದಶಕದಲ್ಲಿ ಇಲಾಸ್ಟಿಕಾ ಬ್ಯಾಂಡಿನವರ ಒಂದು ಹಾಡಿನ ಗಿಟಾರು ಅದೇ ಆಲ್ಬಂನ 'ತ್ರೀ ಗರ್ಲ್ ರುಂಬಾ'ಗೆ ತೀರಾ ಹತ್ತಿರ ಬಂದು, ಕೋರ್ಟಿನ ಹೊರಗೆ ರಾಜಿಯಾಗಬೇಕಾಯಿತು. 'ಚೇರ್ಸ್ ಮಿಸ್ಸಿಂಗ್' ಮಾಡಲು ಸ್ಟುಡಿಯೋ ಬೇಕು, ಥಾರ್ನ್‌ನಂಥವನು ಬೇಕು, ಸಮಯ ಬೇಕು. ಆರ್ಕೆಸ್ಟ್ರಾ ಡ್ರಮ್ಮರ್ ಒಬ್ಬನಿಗೆ ಮೊದಲನೆಯದು ಬಾಗಿಲು, ಎರಡನೆಯದು ಗೋಡೆ ಅನ್ನಿಸಿದರೆ ಅವನನ್ನು ದೂರುವುದು ಹೇಗೆ?

ನಾನು 'ಹಾರ್ಟ್‌ಬೀಟ್' ಅನ್ನು ಬಿಗ್ ಬ್ಲ್ಯಾಕ್‌ನವರು ಎತ್ತಿಕೊಂಡು ಹಾಡಿದ್ದಾರೆ, 'ಔಟ್‌ಡೋರ್ ಮೈನರ್' ಅನ್ನು ಲಷ್‌ನವರು ಹಾಡಿದ್ದಾರೆ ಅಂತ ಪಟ್ಟಿ ಕೊಡುತ್ತೇನೆ. ಇವನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಪಟ್ಟಿಯಿಂದ ಇಂಥ ಜಗಳ ಬಗೆಹರಿಯುವುದಿಲ್ಲ, ನನಗೂ ಗೊತ್ತು.

ಬ್ಯಾಂಡಿನವರು ಇದಕ್ಕೆ ಕಂಡುಕೊಂಡ ದಾರಿ ಮಾತ್ರ ಭಾರಿ ತಮಾಷೆಯದು. 1979ರಲ್ಲಿ ಮೂರನೇ ಆಲ್ಬಂ '154' ಮಾಡಿ, ಮುಂದಿನ ವರ್ಷ ಅವರು ಬೇರೆಬೇರೆಯಾದರು. ಎಂಬತ್ತರ ನಡುವಿನಲ್ಲಿ ಮತ್ತೆ ಒಂದಾದಾಗ ಹಳೆಯ ಹಾಡು ನುಡಿಸುವುದಿಲ್ಲ ಅಂತ ಹಟ ಹಿಡಿದರು. ಆದರೆ ಅಮೆರಿಕದ ಜನ 'ಪಿಂಕ್ ಫ್ಲ್ಯಾಗ್' ಕೇಳದೆ ಬಿಡುತ್ತಾರಾ? 1987ರ ಪ್ರವಾಸಕ್ಕೆ ಎಕ್ಸ್-ಲಯನ್ ಟೇಮರ್ಸ್ ಅನ್ನುವ ಇನ್ನೊಂದು ಬ್ಯಾಂಡನ್ನೇ ಜೊತೆಗೆ ಕರೆದೊಯ್ದರು. ಆ ಬ್ಯಾಂಡಿನ ಕೆಲಸ ಮೊದಲಿಗೆ 'ಪಿಂಕ್ ಫ್ಲ್ಯಾಗ್' ಪೂರ್ತಿ ನುಡಿಸಿ ಇಳಿಯುವುದು. ಆಮೇಲೆ ವಾಯರ್ ಬಂದು ತಮ್ಮ ಹೊಸ ಹಾಡು ನುಡಿಸುವುದು. ಕೇಳುಗರಿಗೆ ಬೇಕಾದ್ದೂ ಸಿಕ್ಕಿತು, ಇವರ ಹಟವೂ ಉಳಿಯಿತು. ಈ ಕಥೆ ಹೇಳಿದಾಗ ನನ್ನ ಗೆಳೆಯ 'ನಂಗೆ ಆ ಬ್ಯಾಂಡಲ್ಲಿ ಕೆಲಸ ಕೊಡ್ಸು' ಅಂದ.

ನನ್ನ ಪಾಲಿಗೆ ಉತ್ತರ ಕೊಟ್ಟಿದ್ದು ದೊಡ್ಡಮ್ಮನೇ, ಅವರಿಗದು ಗೊತ್ತಿಲ್ಲ ಅಷ್ಟೆ. ಕೂತು ಕೇಳಬೇಕಾದದ್ದು. ಗೆಳೆಯ ಅದನ್ನು ದೋಷ ಅಂದ, ದೊಡ್ಡಮ್ಮ ಬರೀ ಗುಣ ಹೇಳಿದರು. ಆಷಾಢದಲ್ಲಿ ನಮ್ಮ ಕಡೆ ಕೂರುವುದು ಬಿಟ್ಟು ಬೇರೆ ಏನು ಮಾಡಲಿಕ್ಕಾಗುತ್ತದೆ? ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡುವು ಕೊಡಬೇಕು. ಕರೆಂಟ್ ಬರುತ್ತದೆ, ಹೋಗುತ್ತದೆ. ನೆಟ್‌ವರ್ಕ್ ಇಲ್ಲ, ಫೋನಿನಲ್ಲಿ ತುಂಬಿಸಿಟ್ಟ ಹಾಡೇ ಗತಿ. ಅಂಥ ಮಧ್ಯಾಹ್ನಗಳಲ್ಲಿ 'ಪಿಂಕ್ ಫ್ಲ್ಯಾಗ್' ಹಾಕಿದರೆ ಒಳಗೆ ಕಟ್ಟಿಹಾಕಿದವನ ಕಾಲಿಗೆ ಕಚಗುಳಿ ಇಟ್ಟ ಹಾಗಾಗುತ್ತದೆ. 'ಚೇರ್ಸ್ ಮಿಸ್ಸಿಂಗ್' ಅಷ್ಟು ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಹಾಗಂತ ಅದೇನು ಮಳೆಗೆ ಕೇಳುವ ಇಂಪಾದ ಹಾಡಲ್ಲ. ಒಳಗೊಳಗೇ ಏನೋ ಸರಿ ಇಲ್ಲ ಅನ್ನುವ ಹಾಡುಗಳು ಅವು. ನೆಟ್ಟಗೆ ಕೂತವನಿಗೇ ಅದು ಗೊತ್ತಾಗುವುದು.

ನಾವಿಬ್ಬರೂ ಒಪ್ಪುವ ಇನ್ನೊಂದು ವಿಷಯ ರಾಬರ್ಟ್ ಗ್ರೇ. ಅವನ ಡ್ರಮ್ಸ್‌ನಲ್ಲಿ ಒಂದೂ ಹೆಚ್ಚಿನ ಏಟಿಲ್ಲ. ತಾನು ಎಷ್ಟು ಬಲ್ಲೆ ಅಂತ ತೋರಿಸುವ ಚಪಲ ಇಲ್ಲ. ಎರಡನೇ ಆಲ್ಬಂನಲ್ಲಿ ಸುತ್ತ ಏನೇನೋ ಬಂದು ಕೂತರೂ ಅವನು ಇದ್ದ ಹಾಗೇ ಇದ್ದಾನೆ. 'ಇವ್ನು ಬದಲಾಗಿಲ್ಲ ನೋಡು' ಅಂತ ಗೆಳೆಯ ಹೆಮ್ಮೆಯಿಂದ ಹೇಳುತ್ತಾನೆ, ಸ್ವಂತ ತಮ್ಮನ ವಿಷಯ ಹೇಳಿದ ಹಾಗೆ. ಮುಂದೆ ಬ್ಯಾಂಡಿನೊಳಗೆ ಯಂತ್ರಗಳ ಕೈ ಜಾಸ್ತಿಯಾಗಿ, ಡ್ರಮ್ಸ್ ಬಾರಿಸುವವನಿಗೆ ಮಾಡಲು ಕೆಲಸವೇ ಉಳಿಯದಾದಾಗ 1990ರಲ್ಲಿ ಗ್ರೇ ಎದ್ದು ಹೊರಟ. ಹೋಗಿ ಮಾಡಿದ್ದೇನು ಗೊತ್ತಾ? ಕೃಷಿ. ಉಳಿದ ಮೂವರು ಬ್ಯಾಂಡಿನ ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರ ಒಂದನ್ನು ಕಿತ್ತು ಸ್ವಲ್ಪ ಕಾಲ ನಡೆಸಿದರು. ಸುಮಾರು ಹತ್ತು ವರ್ಷ ಬಿಟ್ಟು ನಾಲ್ವರೂ ಮತ್ತೆ ಒಂದಾದರು. ಈ ಕಥೆ ಹೇಳಿದಾಗ ಗುಂಪಿನಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಾರೆ, ನಾನೂ ಪೇಟೆ ಕೆಲಸ ಬಿಟ್ಟು ತೋಟಕ್ಕೆ ಬಂದವನು ಅಂತ. ನನಗೆ ಡ್ರಮ್ಸ್ ಬರುವುದಿಲ್ಲ ಅನ್ನುವುದನ್ನು ಮರೆಯುತ್ತಾರೆ.

ಮೊದಲ ಸಲ ಕೇಳುವವರು ಮೊದಲ ಹಾಡಿನಿಂದಲೇ ಶುರು ಮಾಡಿ, ಬಿಡಿ ಬಿಡಿಯಾಗಿ ಆರಿಸಬೇಡಿ. 'ಐ ಆ್ಯಮ್ ದಿ ಫ್ಲೈ' ಜೋರಾಗಿ ಕೇಳಿ, 'ಹಾರ್ಟ್‌ಬೀಟ್' ಕೇಳುವಾಗ ಫ್ಯಾನ್ ಆರಿಸಿ. 'ಸ್ಯಾಂಡ್ ಇನ್ ಮೈ ಜಾಯಿಂಟ್ಸ್' ಬಂದಾಗ ಹಳೆಯ ವಾಯರ್ ಇನ್ನೂ ಇದ್ದಾರೆ ಅಂತ ಸಮಾಧಾನ ಆಗುತ್ತದೆ, ಗೆಳೆಯ ಆ ಹೊತ್ತಿಗೆ ಮಾತ್ರ ತೊಡೆ ತಟ್ಟುತ್ತಾನೆ. 'ಮರ್ಸಿ' ಬಗ್ಗೆ ಮಾತ್ರ ನಮ್ಮಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ. ಆಲ್ಬಂನಲ್ಲೇ ಉದ್ದದ ಹಾಡು ಅದು, ಹತ್ತಿರ ಹತ್ತಿರ ಆರು ನಿಮಿಷ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಅದರಲ್ಲಿ ಎರಡು ನಿಮಿಷ ಕತ್ತರಿಸಬಹುದಿತ್ತು ಅಂತ ಗೆಳೆಯ ಅನ್ನುತ್ತಾನೆ. ಯಾವ ಎರಡು ನಿಮಿಷ ಅಂತ ಕೇಳಿದೆ. ಮೊದಲ ಎರಡು ಅಂದ. ಮೊದಲ ಎರಡು ತೆಗೆದರೆ ಏರುವುದು ಎಲ್ಲಿಂದ? ಹಾಗಾದರೆ ಕೊನೆಯ ಎರಡು ಅಂದ. ಕೊನೆಯ ಎರಡರಲ್ಲೇ ತಾನೇ ಗ್ರೇ ಬಾರಿಸುವುದು ಕೇಳಲು ನೀನು ವಾಲ್ಯೂಮ್ ಏರಿಸುವುದು? ಅದಕ್ಕೆ ಅವನ ಹತ್ತಿರ ಉತ್ತರ ಇನ್ನೂ ಇಲ್ಲ. ಮಧ್ಯದಲ್ಲಿ ಒಂದು ಮೂವತ್ತು ಸೆಕೆಂಡು ಬೇಕಾದರೆ ನಾನೂ ಬಿಟ್ಟುಕೊಟ್ಟೇನು, ಅದಕ್ಕಿಂತ ಜಾಸ್ತಿ ಇಲ್ಲ.